ಹಿಂದಿನ ಗೋಡೆಯ ನೂರ ಒಂಬತ್ತು ಬಾಯಿಗಳು

ಮಾರ್ಚ್ 3

ಗುಬ್ಬೀ,

ನೊಣ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡ ಗೋಡೆ ಈ ಭೂಮಿಯ ಮೇಲೆ ಒಂದೇ ಒಂದಿದೆ. ಅದಕ್ಕೆ ಗಾರೆ ಮೆತ್ತಿದವನು ನಿನ್ನ ಸೋದರಮಾವ. ನೊಣ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಹೆಂಡತಿ ಬಂದು ಎದೆ ಬಡಿದುಕೊಂಡದ್ದನ್ನೂ ಕಂಡಿದ್ದೇನೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಹಾಗಲ್ಲ, ನಾನು ಮುಗಿಸುವ ತನಕ ಸುಮ್ಮನೆ ಓದಲೇಬೇಕು. ಅಲ್ಲದೆ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರಕ್ಕೆ ತುಕ್ಕು ಹಿಡಿಯಬಾರದು ನೋಡು.

ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಸಭಾಮಂದಿರಕ್ಕೆ ಔಷಧಿ ಕೊಡಲು ನಿನ್ನನ್ನೇ ಕಳಿಸುತ್ತಿದ್ದಾರಂತೆ. ನೀನು ಓದಿದ್ದು ಏನು ಅಂತ ಇಷ್ಟು ವರ್ಷ ನನಗೆ ಸರಿಯಾಗಿ ತಿಳಿದಿರಲಿಲ್ಲ. ಕಟ್ಟಡದೊಳಗೆ ಶಬ್ದ ಎಲ್ಲೆಲ್ಲಿ ಓಡಾಡುತ್ತದೆ ಅಂತ ಹಿಂಬಾಲಿಸಿ ನೋಡುವವರಿಗೂ ಸಂಬಳ ಸಿಗುತ್ತದೆ ಅಂದರೆ ಕಾಲ ಸುಧಾರಿಸಿದೆ ಬಿಡು. ಆ ಮಂದಿರದಲ್ಲಿ ಒಬ್ಬ ಮಾತಾಡಿದರೆ ನಾಲ್ಕು ಜನ ಜಗಳಕ್ಕೆ ಬಿದ್ದ ಹಾಗೆ ಕೇಳುತ್ತದೆ. ಊರವರು ಅದಕ್ಕೆ ‘ಬಾವಿ’ ಅಂತ ಹೆಸರಿಟ್ಟದ್ದು ನಿನಗೂ ಗೊತ್ತು.

ನನ್ನ ಸಲಹೆ ಕೇಳು. ಚಾವಣಿ ನೋಡು. ಕುರ್ಚಿಗಳನ್ನು ನೋಡು. ಬರುವ ಜನರನ್ನೂ ಒಮ್ಮೆ ನೋಡು, ದೋಷ ಅವರ ಕಿವಿಯಲ್ಲೇ ಇದ್ದೀತು. ಹಿಂದಿನ ಗೋಡೆಯನ್ನು ಮಾತ್ರ ಮುಟ್ಟಬೇಡ. ಇಪ್ಪತ್ತಾರು ವರ್ಷದ ಹಿಂದೆ ರಿಪೇರಿ ಆದಾಗ ನಾನೇ ಗಾರೆ ಮಾಡಿದ ಗೋಡೆ ಅದು. ಕನ್ನಡಿ ಕಣೇ, ಕನ್ನಡಿ.

ನಿಮ್ಮಮ್ಮ ಚೆನ್ನಾಗಿದ್ದಾಳೆ. ಹೊಲಿಗೆ ಮಿಷನ್ ಓಡುವಾಗ ಗುನುಗುತ್ತಾಳೆ. ಮಿಷನ್ ನಿಂತರೆ ಗುನುಗುವುದೂ ನಿಲ್ಲುತ್ತದೆ. ನನ್ನ ಎಡ ಮೊಣಕಾಲು ಒಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ.

ನೊಣಗಳ ಪಾಲಿನ ಯಮ,
ನಿನ್ನ ಮಾವ


ಮಾರ್ಚ್ 19

ಮಾವ,

ನಾನು ಊರಿಗೆ ಬಂದಾಗ ಮೊಣಕಾಲಿನ ನೆಪ ಹೇಳಿ ನೀನು ಮಂದಿರದ ಕಡೆ ತಲೆ ಹಾಕಲೇ ಇಲ್ಲ. ಅದೇ ಮೊಣಕಾಲಿನಲ್ಲಿ ಚಹಾದಂಗಡಿಗೆ ಮೂರು ಸಲ ಹೋಗಿ ಬಂದದ್ದನ್ನು ಮಂದಿರದ ಕಾವಲುಗಾರ ನೋಡಿದ್ದಾನೆ.

ನಾನೂ ಅವನೂ ಎರಡು ದಿನ ಬಲೂನು ಒಡೆದೆವು. ನಗಬೇಡ, ಅದು ನಮ್ಮ ಪರೀಕ್ಷೆ. ವೇದಿಕೆಯ ಮೇಲೆ ಒಂದು ಬಲೂನು ಒಡೆದರೆ, ಸೆಕೆಂಡಿನ ಏಳನೇ ಒಂದು ಭಾಗ ಕಳೆದ ಮೇಲೆ, ಹಿಂದಿನಿಂದ ಯಾರೋ ಇನ್ನೊಂದು ಒಡೆದ ಹಾಗೆ ಸದ್ದು ತಿರುಗಿ ಬರುತ್ತದೆ. ಕೇಳಲು ಚಿಲ್ಲರೆ ಹೊತ್ತು. ಆದರೆ ಮಾತಾಡುವವರ, ಹಾಡುವವರ ಕಾಲ್ಕೆಳಗಿನ ನೆಲ ಕಿತ್ತುಕೊಳ್ಳಲು ಅಷ್ಟು ಸಾಕು. ಚಾವಣಿ ನೋಡಿದೆ, ಕುರ್ಚಿ ನೋಡಿದೆ. ಜನರ ಕಿವಿ ಸರಿಯಾಗಿವೆ. ತಪ್ಪು ಹಿಂದಿನ ಗೋಡೆಯದು. ಅದು ಬೊಗಸೆಯ ಹಾಗೆ ಬಾಗಿದೆ. ಮೇಲೆ ಕನ್ನಡಿಯಂಥ ಸಿಮೆಂಟು, ಅದರ ಮೇಲೆ ಹೊಳೆಯುವ ಬಣ್ಣ. ಬಿದ್ದ ಸದ್ದನ್ನೆಲ್ಲ ಬಾಚಿ ವೇದಿಕೆಯ ನಡುಮಧ್ಯಕ್ಕೇ ಎಸೆಯುತ್ತದೆ. ನಿನ್ನ ನೊಣದ ಜೊತೆ ದನಿಯೂ ಅಲ್ಲಿ ಜಾರಿ ಬೀಳುತ್ತಿದೆ, ಮಾವ.

ಮಂದಿರದ ಸಮಿತಿಯವರು ಸೆಪ್ಟೆಂಬರ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಸರಿಯಾಗದಿದ್ದರೆ ಮಂದಿರವನ್ನು ಮೂಟೆ ಒಟ್ಟುವ ಗೋದಾಮು ಮಾಡುತ್ತಾರಂತೆ.

ಎರಡು ಪ್ರಶ್ನೆಗಳಿವೆ. ಒಂದು: ಆಫೀಸಿನಲ್ಲಿ ಮಂದಿರ ಕಟ್ಟಿದ ಹೊಸದರಲ್ಲಿ ತೆಗೆದ ಫೋಟೋ ತೂಗುಹಾಕಿದ್ದಾರೆ. ಅದರಲ್ಲಿ ಹಿಂದಿನ ಗೋಡೆಯ ತುಂಬ ದುಂಡನೆಯ ಕಪ್ಪು ಚುಕ್ಕೆಗಳಿವೆ. ಏನವು? ಎರಡು: ಅಮ್ಮ ಒಮ್ಮೆ ಆ ವೇದಿಕೆಯ ಮೇಲೆ ಹಾಡಿದ್ದಳು ಅಂತ ಕಾವಲುಗಾರ ಹೇಳಿದ. ಅಮ್ಮ ಎಲ್ಲರ ಮುಂದೆ ಹಾಡುತ್ತಿದ್ದಳೇ? ನನಗೆ ಯಾಕೆ ಯಾರೂ ಹೇಳಿಲ್ಲ?

ಗುಬ್ಬಿ


ಮಾರ್ಚ್ 28

ಗುಬ್ಬೀ,

ಚುಕ್ಕೆಗಳ ವಿಷಯ. ಹಳೆಯ ಫೋಟೋ, ಬೂಷ್ಟು ಹಿಡಿದಿರುತ್ತದೆ. ಇಲ್ಲವೇ ಪಾರಿವಾಳಗಳು ಸಾಲಾಗಿ ಕೂತಿರಬಹುದು. ಆ ಕಾಲದ ಪಾರಿವಾಳಗಳಿಗೆ ಬಹಳ ಶಿಸ್ತು.

ನಿಮ್ಮಮ್ಮ ಹಾಡುತ್ತಿದ್ದದ್ದು ನಿಜ. ಆಮೇಲೆ ಗಂಟಲು ಕೈಕೊಟ್ಟಿತು. ಗಂಟಲು ಅಂದ ಮೇಲೆ ಹಾಗೆಲ್ಲ ಆಗುತ್ತದೆ, ಏನು ಮಾಡುವುದು. ಅವಳ ಹತ್ತಿರ ಈ ಮಾತು ಎತ್ತಬೇಡ. ಪಾಪ, ಕಣ್ಣಿಗೆ ಚಷ್ಮಾ ಬೇರೆ ಬಂದಿದೆ.

ಇನ್ನು ನನ್ನ ಸುದ್ದಿ. ಮೊನ್ನೆ ಪೇಟೆಯಲ್ಲಿ ಒಬ್ಬ ಹೊಸ ಗಾರೆಯವನು ಅಂಗಡಿ ಗೋಡೆ ನುಣುಪು ಮಾಡುತ್ತಿದ್ದ. ನಾನು ಸುಮ್ಮನೆ ಹಿಂದೆ ನಿಂತು ಕೆಮ್ಮಿದೆ. ಅಷ್ಟಕ್ಕೇ ಅವನ ಕೈಯಿಂದ ಕರಣೆ ಬಿದ್ದುಹೋಯಿತು. ಕಲೆ ಅಂದರೆ ಹಾಗಿರಬೇಕು.

ಗಾರೆಯವರ ಚಕ್ರವರ್ತಿ,
ಮಾವ

ಮರೆತಿದ್ದೆ: ಆ ಚುಕ್ಕೆಗಳು ಎಷ್ಟಿವೆ ಅಂತ ಎಣಿಸಿದೆಯಾ?


ಏಪ್ರಿಲ್ 22

ಮಾವ,

ಎಣಿಸಿದೆ. ನೂರ ಏಳು ಪಾರಿವಾಳಗಳು.

ನಿನ್ನೆ ಏಣಿ ಹತ್ತಿ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ. ಚುಕ್ಕೆ ಇದ್ದಲ್ಲೆಲ್ಲ ಒಳಗೆ ಪೊಳ್ಳು. ಒಂದು ಕಡೆ ಉಳಿ ಇಟ್ಟು ಬಿಡಿಸಿದೆ. ಒಳಗೊಂದು ಮಣ್ಣಿನ ಮಡಕೆ, ಗೋಡೆಯಲ್ಲಿ ಹುಗಿದದ್ದು, ಬಾಯಿ ನಮ್ಮ ಕಡೆಗೆ. ಆ ಬಾಯಿಯ ಮೇಲೆ ಒಂದು ಅಂಗುಲ ಸಿಮೆಂಟು. ನಿನ್ನ ಕೈಕೆಲಸ ನನಗೆ ಗುರುತು ಹತ್ತುವುದಿಲ್ಲವೇ? ನಮ್ಮ ಮನೆಯ ಅಡುಗೆಮನೆ ಗೋಡೆ ನೋಡುತ್ತ ಬೆಳೆದವಳು ನಾನು.

ಆ ಒಂದೇ ಮಡಕೆಯ ಮುಂದೆ ನಿಂತು ಸಣ್ಣಗೆ ದನಿ ತೆಗೆದೆ. ಒಂದು ಸ್ವರ ಬಂದಾಗ ಮಡಕೆ ಅದನ್ನು ಒಳಕ್ಕೆಳೆದು ನುಂಗಿತು, ಮಾವ. ಯಾರಿಗೆ ಹೊಳೆದಿತ್ತು ಇದು? ಯಾರು ಮುಚ್ಚಿಸಿದರು?

ಗುಬ್ಬಿ


ಮೇ 4

ಗುಬ್ಬೀ,

ನಿನ್ನ ಎಣಿಕೆ ತಪ್ಪು. ನೂರ ಒಂಬತ್ತು. ಇನ್ನೆರಡು ಮಡಕೆ ಗೋಡೆ ಗಡಿಯಾರದ ಹಿಂದಿದ್ದವು, ಫೋಟೋದಲ್ಲಿ ಕಾಣುವುದಿಲ್ಲ.

ಆ ಮಡಕೆ ಇಟ್ಟವನು ನನ್ನ ಗುರು, ಹಿರಿಯ ಮೇಸ್ತ್ರಿ. ನಲವತ್ತು ವರ್ಷದ ಮಾತು, ಆಗ ನಾನು ಅವನ ಕೈಕೆಳಗೆ ಕಲ್ಲು ಹೊರುತ್ತಿದ್ದೆ. ಕುಂಬಾರನ ಅಂಗಳದಲ್ಲಿ ಕೂತು ಒಂದೊಂದು ಮಡಕೆಯ ಬಾಯಿಗೂ ಹಾಡುತ್ತಿದ್ದ. ಒಳಗಿಂದ ‘ಗುಂಯ್’ ಅಂದದ್ದನ್ನು ಮಾತ್ರ ಆರಿಸುತ್ತಿದ್ದ. “ದೊಡ್ಡದು ಗಂಡಸರ ದನಿಗೆ ಸಾಕು, ಸಣ್ಣದಕ್ಕೆ ಹೆಂಗಸಿನ ದನಿ ಬೇಕಲ್ಲೋ” ಅಂದ. ನಾನು ಅಕ್ಕನನ್ನು ಕರೆದುಕೊಂಡು ಹೋದೆ. ಅವಳಿಗೆ ಹದಿನೇಳು. ನಾಲ್ಕು ದಿನ ನೆಲದ ಮೇಲೆ ಕೂತು ಮಡಕೆಗಳಿಗೆ ಹಾಡಿದಳು. ಅಂದರೆ, ಆ ಗೋಡೆಯ ಅರ್ಧ ಮಡಕೆಗಳನ್ನು ಆರಿಸಿದ್ದು ನಿಮ್ಮಮ್ಮನ ದನಿ. ಮಡಕೆಗಳ ನಡುವಿನ ಜಾಗಕ್ಕೆ ಮೇಸ್ತ್ರಿ ಒರಟು ಗಾರೆ ಮಾಡಿದ, ಬೆರಳು ಗುರುತು ಬಿಟ್ಟು, ಉಬ್ಬು ತಗ್ಗು ಬಿಟ್ಟು. ನನಗೋ ಅದನ್ನು ನೋಡಿದರೆ ನಾಚಿಕೆ.

ಮೇಸ್ತ್ರಿ ಹೋದ ಮೇಲೆ ಮಳೆನೀರು ಸೋರಿ ಗೋಡೆ ಉದುರಿತು. ರಿಪೇರಿಯ ಗುತ್ತಿಗೆ ನನಗೆ ಬಂತು, ನನ್ನ ಮೊದಲನೇ ಗುತ್ತಿಗೆ. ಬಾಯಿಗಳನ್ನು ನಾನೇ ಮುಚ್ಚಿದೆ. ಯಾಕೆಂದರೆ ತೂತು ಗೋಡೆ ನೋಡಲು ಅಸಹ್ಯ. ಉದ್ಘಾಟನೆಗೆ ಬರುವ ದೊಡ್ಡವರು ನಗುತ್ತಾರೆ. ಒಳಗೆ ಇಲಿ ಸೇರಿಕೊಳ್ಳುತ್ತವೆ. ಮಡಕೆಯಿಂದ ದನಿ ಸರಿಹೋಗುತ್ತದೆ ಅನ್ನುವುದೆಲ್ಲ ಮುದುಕನ ಹುಚ್ಚು ಅಂದುಕೊಂಡಿದ್ದೆ.

ಉದ್ಘಾಟನೆಯ ದಿನ ಅಕ್ಕನ ಹಾಡು. ಮೊದಲ ಸಾಲು ಚೆನ್ನಾಗಿ ಹೊರಟಿತು. ಎರಡನೇ ಸಾಲು ಹೇಳುವಷ್ಟರಲ್ಲಿ ಮೊದಲನೆಯದು ತಿರುಗಿ ಬಂದು ಅವಳ ಮುಖಕ್ಕೇ ಬಡಿಯಿತು. ಅವಳು ತಡವರಿಸಿದಳು. ಆ ತಡವರಿಸಿದ್ದೂ ತಿರುಗಿ ಬಂತು. ತಾಳ ತಪ್ಪಿತು. ಜನ ನಕ್ಕರು. ನಗುವೂ ಎರಡೆರಡು ಸಲ ಕೇಳಿಸಿತು. ಅವಳು ಕೆಳಗಿಳಿದು ಬಂದು, “ನನ್ನ ದನಿಯೇ ಒಡೆದುಹೋಗಿದೆ ಕಣೋ” ಅಂದಳು.

ಆಗ ನಾನು ಏನಂದೆ ಗೊತ್ತೇ? “ಹೌದಕ್ಕ, ನೆಗಡಿ ಇರಬೇಕು” ಅಂದೆ.

ಇಪ್ಪತ್ತಾರು ವರ್ಷ ಆಯಿತು, ಆ ನೆಗಡಿ ವಾಸಿಯಾಗಿಲ್ಲ. ಇದನ್ನು ಅವಳಿಗೆ ಹೇಳಬೇಡ, ನಿನ್ನ ದಮ್ಮಯ್ಯ.

ಮಾವ


ಮೇ 11

ಮಾವ,

ನಾನು ಹೇಳುವುದಿಲ್ಲ. ನೀನೇ ಹೇಳಬೇಕು.

ಮಡಕೆ ತೆರೆದರಷ್ಟೇ ಸಾಲದು, ಅವು ನುಂಗುವುದು ಕೆಲವು ಸ್ವರಗಳನ್ನು ಮಾತ್ರ. ನಡುವಿನ ನುಣುಪೂ ಹೋಗಬೇಕು. ಮೇಸ್ತ್ರಿ ಮಾಡಿದ ಹಾಗೆ ಒರಟು ಗಾರೆ ಬೇಕು, ಬಿದ್ದ ಸದ್ದು ಚೂರುಚೂರಾಗಿ ಚದುರಿಹೋಗುವ ಹಾಗೆ. ಆ ಕೈ ನೋಡಿದವನು ಬದುಕಿರುವುದು ನೀನೊಬ್ಬನೇ. ಕೆಲಸ ನಿನಗೇ ಅಂತ ಸಮಿತಿಗೆ ಬರೆದಿದ್ದೇನೆ. ಆದರೆ ಅಮ್ಮನಿಗೆ ಹೇಳಿದ ಮೇಲೆಯೇ ನೀನು ಉಳಿ ಮುಟ್ಟಬೇಕು.

ಇನ್ನೊಂದು ಮಾತು. ಮುಚ್ಚಿದ್ದಕ್ಕೆ ಮೂರು ಕಾರಣ ಕೊಟ್ಟಿದ್ದೀಯ. ನಿಜವಾದ ಕಾರಣ ಇದ್ದಾಗ ನೀನು ಒಂದೇ ಕೊಡುತ್ತೀಯ.

ಗುಬ್ಬಿ


ಜುಲೈ 2

ಗುಬ್ಬೀ,

ಹೇಳಿದೆ.

ಮೂರು ಸಲ ಹೋಗಿ ಮೂರು ಸಲ ಗುಂಡಿ ಹೊಲಿಸಿಕೊಂಡು ಬಂದೆ. ಹಾಕಲು ಗುಂಡಿ ಉಳಿದಿರಲಿಲ್ಲ. ನಾಲ್ಕನೇ ಸಲ ಪಕ್ಕದ ಸ್ಟೂಲಿನ ಮೇಲೆ ಕೂತು, ಮಿಷನ್ ಜೋರಾಗಿ ಓಡುತ್ತಿರುವಾಗ, ಅವಳು ಗುನುಗುತ್ತಿರುವಾಗ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳ ಕಾಲು ನಿಲ್ಲಲಿಲ್ಲ. ಕೇಳಿಸಿಲ್ಲ, ಬಚಾವಾದೆ ಅಂದುಕೊಂಡು ಎದ್ದೆ. ಮಿಷನ್ ನಿಂತಿತು.

“ಕೂತ್ಕೋ. ಈಗ ಇನ್ನೊಂದ್ಸಲ ಹೇಳು.”

ಸದ್ದಿಲ್ಲದ ಕೋಣೆಯಲ್ಲಿ ಅದನ್ನೇ ಇನ್ನೊಮ್ಮೆ ಹೇಳುವುದಿದೆಯಲ್ಲ, ಅದರ ಬದಲು ಅಟ್ಟಣಿಗೆಯ ಮೇಲಿಂದ ಬೀಳಬಹುದು. ಹೇಳಿದೆ. ಅವಳು ಹಲ್ಲಿನಿಂದ ದಾರ ಕಡಿದಳು. “ನೆಗಡಿ ಅಂದ್ಯಲ್ಲೋ” ಅಂದಳು. ಅಷ್ಟೇ. ಎದ್ದು ಒಳಗೆ ಹೋದಳು. ಹತ್ತೊಂಬತ್ತು ದಿನ ಆಯಿತು, ನನ್ನ ಜೊತೆ ಮಾತಿಲ್ಲ.

ನಾನು ಗೋಡೆಯ ಜೊತೆ ಮಾತಾಡುತ್ತಿದ್ದೇನೆ. ಐವತ್ತೆರಡು ಬಾಯಿ ತೆರೆದಿದ್ದೇನೆ, ಒಂದೂ ಒಡೆದಿಲ್ಲ. ಒಂದರೊಳಗೆ ಮೇಸ್ತ್ರಿಯ ಬೀಡಿ ತುಂಡು ಸಿಕ್ಕಿತು. ಆದರೆ ಒರಟು ಮಾಡುವುದು ನನ್ನ ಕೈಗೆ ಒಗ್ಗುತ್ತಿಲ್ಲ ಕಣೇ. ಜೀವಮಾನವಿಡೀ ಸವರಿದ ಕೈ ಇದು. ಉಬ್ಬು ಕಂಡರೆ ತಾನಾಗಿಯೇ ಸವರಿಬಿಡುತ್ತದೆ. ಕೊನೆಗೆ ಬಲಗೈಯನ್ನು ಜೇಬಿನಲ್ಲಿಟ್ಟು ಎಡಗೈಯಲ್ಲಿ ಮೆತ್ತಿದೆ. ಆಗ ಬಂತು ನೋಡು, ಮೇಸ್ತ್ರಿಯದೇ ಗೋಡೆ! ಕಾವಲುಗಾರ ನೋಡಿ, “ಯಾರೋ ಕುಡುಕರ ಕೈಲಿ ಮಾಡ್ಸಿದ ಹಾಗಿದೆ ಯಜಮಾನ್ರೇ” ಅಂದ. ಇಷ್ಟು ದೊಡ್ಡ ಹೊಗಳಿಕೆ ನನಗೆ ಎಂದೂ ಸಿಕ್ಕಿರಲಿಲ್ಲ.

ಈ ಕೆಲಸದಲ್ಲಿ ನಾನು ಸಾವಿರಗಟ್ಟಲೆ ಕಳೆದುಕೊಳ್ಳುತ್ತಿದ್ದೇನೆ ಅನ್ನುವುದು ನಿನ್ನ ತಲೆಯಲ್ಲಿರಲಿ. ಗಾರೆಗೆ ಚದರಡಿ ಲೆಕ್ಕದ ಮೇಲೆ ಕೂಲಿ. ಬಾಯಿ ತೆರೆದಿಟ್ಟರೆ ಅಷ್ಟು ಜಾಗ ಕಳೆಯುತ್ತಾರೆ. ನಿನಗೋಸ್ಕರ ಸಹಿಸಿಕೊಂಡಿದ್ದೇನೆ.

ಎಡಗೈ ಮಾಂತ್ರಿಕ,
ಮಾವ


ಜುಲೈ 9

(ಗುಬ್ಬೀ, ಇದು ನಿಮ್ಮಮ್ಮ ಕಾವಲುಗಾರನ ಕೈಯಲ್ಲಿ ನನಗೆ ಕಳಿಸಿದ ಚೀಟಿ. ಓದಿ ತಿರುಗಿ ಕಳಿಸು, ಕಳೆಯಬೇಡ.)

ತಮ್ಮಾ,

ಎದುರಿಗೆ ಬಂದರೆ ಬೈದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಡಬ್ಬಿಯಲ್ಲಿ ಊಟ ಇದೆ. ಡಬ್ಬಿ ತೊಳೆದು ಕಳಿಸು.

ಆ ಮಡಕೆಗಳಿಗೆ ಹಾಡಿದ್ದು ನನಗೆ ನೆನಪಿದೆ. ಬಾಯಿತುಂಬ ಹಸಿಮಣ್ಣಿನ ವಾಸನೆ. ಅವು ಎಲ್ಲಿ ಹೋದವು ಅಂತ ಉದ್ಘಾಟನೆಯ ದಿನ ಕೇಳಿದ್ದಕ್ಕೆ ನೀನು, “ಒಳಗೇ ಇವೆ ಅಕ್ಕ, ಜೋಪಾನವಾಗಿವೆ” ಅಂದಿದ್ದೆ. ಬಲು ಜೋಪಾನ ಮಾಡಿದೆ.

ಇಷ್ಟು ವರ್ಷ ಮಿಷನ್ ಗಲಾಟೆಯ ಕೆಳಗೆ ಬಚ್ಚಿಟ್ಟುಕೊಂಡು ಹಾಡಿದ್ದೇನೆ, ಒಡೆದ ದನಿ ಯಾರ ಕಿವಿಗೂ ಬೀಳಬಾರದು ಅಂತ. ಒಡೆದಿರಲೇ ಇಲ್ಲ ಅಂತ ಈಗ ನೀನು ಹೇಳಿದರೆ ಥಟ್ಟನೆ ನಂಬಲು ನನಗೂ ಬರಬೇಕಲ್ಲ.

ಎಲ್ಲ ಬಾಯಿ ತೆರೆದ ಮೇಲೆ ಹೇಳಿ ಕಳಿಸು. ಬರುತ್ತೇನೆ ಅನ್ನುತ್ತಿಲ್ಲ. ಹೇಳಿ ಕಳಿಸು ಅಂತಷ್ಟೇ ಅನ್ನುತ್ತಿದ್ದೇನೆ.

ಅಕ್ಕ


ಸೆಪ್ಟೆಂಬರ್ 27

ಮಾವ,

ಮಂದಿರದ ಕೊನೆಯ ಪರೀಕ್ಷೆ ಮುಗಿದದ್ದೇ ಗಡಿಬಿಡಿಯಲ್ಲಿ ಹೊರಟುಬಂದೆ, ನಿನ್ನ ಕೈ ಕುಲುಕಲೂ ಆಗಲಿಲ್ಲ. ಕೊನೆಯ ಸಾಲಿನಲ್ಲಿ ಕೂತವರು ವೇದಿಕೆಯಿಂದ ಓದಿದ ನೂರು ಪದಗಳಲ್ಲಿ ತೊಂಬತ್ತೊಂದನ್ನು ಸರಿಯಾಗಿ ಬರೆದಿದ್ದಾರೆ. ಮಾರ್ಚಿನಲ್ಲಿ ನಲವತ್ತನ್ನೂ ದಾಟಿರಲಿಲ್ಲ. ಸಮಿತಿಯವರು ಸಹಿ ಹಾಕಿದರು. ಗೋದಾಮು ಇಲ್ಲ. ಮಂದಿರ ಮಂದಿರವಾಗಿಯೇ ಇರುತ್ತದೆ.

ನೀನು ಹೇಳಿ ಕಳಿಸಿದ್ದರೂ ಅಮ್ಮ ಬರಲಿಲ್ಲ. ಬಾಗಿಲ ಕಡೆ ನೋಡಿ ನೋಡಿ ನನ್ನ ಕತ್ತು ನೋಯಿತು. ನೀನೂ ಅತ್ತಲೇ ನೋಡುತ್ತಿದ್ದೆ.

ನೀನು ಸಾವಿರಗಟ್ಟಲೆ ಕಳೆದುಕೊಂಡೆ ಅಂದೆಯಲ್ಲ, ಅದನ್ನು ತುಂಬಿಕೊಡಿ ಅಂತ ಸಮಿತಿಗೆ ಬರೆಯುತ್ತೇನೆ. ನಿಜವಾದ ಮೊತ್ತ ತಿಳಿಸು. ಹಿಂದೆ ಸೊನ್ನೆ ಸೇರಿಸಬೇಡ.

ಗುಬ್ಬಿ


ಅಕ್ಟೋಬರ್ 14

ಗುಬ್ಬೀ,

ನೀನು ಹೋದ ಮೇಲೆ ಕೂಲಿ ಲೆಕ್ಕಕ್ಕೆ ಗೋಡೆ ಅಳೆಯುವವನು, ಅಳತೆಯವನು, ಟೇಪು ಹಿಡಿದು ಬಂದ. ಅವನ ಕೆಲಸ ಸುಲಭವಾಗಲಿ ಅಂತ ನಾನೇ ಲೆಕ್ಕ ಹಾಕಿಟ್ಟಿದ್ದೆ.

“ನೂರ ಒಂಬತ್ತು ಬಾಯಿ. ಒಂದೊಂದೂ ಅಡ್ಡ ನಾಲ್ಕಿಂಚು. ಒಟ್ಟು ಒಂಬತ್ತೂವರೆ ಚದರಡಿ. ಕಳೆದು ಬರ್ಕೊಳ್ಳಪ್ಪ” ಅಂದೆ.

“ಏನ್ ಯಜಮಾನ್ರೇ, ತಮಾಷೆ ಮಾಡ್ತೀರಾ? ಇಷ್ಟು ಸಣ್ಣ ತೂತಿಗೆಲ್ಲ ಯಾರಾದ್ರೂ ಕಳೀತಾರಾ? ಬಾಗಿಲು, ಕಿಟಕಿ, ಅಂಥದಕ್ಕೆ ಕಳೆಯೋದು.”

“ಈ ನಿಯಮ ಯಾವಾಗ ಬಂತು?”

“ನಮ್ಮಪ್ಪನೂ ಇದೇ ಕೆಲಸದಲ್ಲಿದ್ರು. ಅವರ ಕಾಲದಲ್ಲೂ ಹೀಗೇ ಇತ್ತು.”

ನಾನು ಅಲ್ಲೇ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೆ.

ನಿಜವಾದ ಕಾರಣ ಒಂದೇ ಇರುತ್ತದೆ ಅಂದಿದ್ದೆಯಲ್ಲ, ತಗೋ. ಇಲಿ ಅಲ್ಲ, ದೊಡ್ಡವರ ನಗು ಅಲ್ಲ. ಮೊದಲ ಗುತ್ತಿಗೆಯಲ್ಲಿ ಆ ಬಾಯಿಗಳ ಲೆಕ್ಕ ಕಳೆದುಬಿಡುತ್ತಾರೆ ಅಂತ ಹೆದರಿ ಮುಚ್ಚಿದೆ. ಆಗ ಚದರಡಿಗೆ ನಾಲ್ಕು ರೂಪಾಯಿ. ಒಂಬತ್ತೂವರೆಗೆ ಮೂವತ್ತೆಂಟು. ಅಳತೆಯವರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಏನೂ ತಿಳಿಯದವನು ಅಂದುಕೊಂಡಾರು ಅಂತ ಕೇಳಲಿಲ್ಲ. ಆಮೇಲೆ ಮಾಡಿದ ಗೋಡೆಗಳಲ್ಲಿ ಮಡಕೆ ಇರಲಿಲ್ಲ, ಪ್ರಶ್ನೆಯೂ ಏಳಲಿಲ್ಲ.

ಹಾಗೇ ಕೂತಿದ್ದೆ. ಮಧ್ಯಾಹ್ನ ನಾಲ್ಕರ ಬಿಸಿಲು ಬಾಗಿಲಿನಿಂದ ಒಳಗೆ ಬಂದಿತ್ತು. ಅದರ ಹಿಂದೆಯೇ ನಿಮ್ಮಮ್ಮ ಬಂದಳು. ಕತ್ತಿನಲ್ಲಿ ಅಳತೆ ಟೇಪು, ಸೀರೆಗೆ ದಾರದ ಎಳೆ. ಅರ್ಧ ಹೊಲಿಗೆಯಿಂದ ಎದ್ದು ಬಂದಿದ್ದಳು. ಗೋಡೆಯನ್ನೇ ಬಹಳ ಹೊತ್ತು ನೋಡಿದಳು. ಒಂದು ಮಡಕೆಯ ಬಾಯಿಗೆ ಮೂಗು ಹತ್ತಿರ ಇಟ್ಟು ಮೂಸಿದಳು.

“ಮುಖ ಯಾಕೋ ಹೀಗಿದೆ? ಯಾರು ಹೊಡೆದ್ರು?”

ಇನ್ನು ಮುಚ್ಚಿಡಲು ನನ್ನ ಹತ್ತಿರ ಸಿಮೆಂಟು ಉಳಿದಿರಲಿಲ್ಲ. ಮೂವತ್ತೆಂಟರ ಕಥೆ ಹೇಳಿದೆ. ಅಳತೆಯವನು ಅಂದದ್ದನ್ನೂ ಹೇಳಿದೆ. ಹೊಡೆದರೆ ಹೊಡೆಯಲಿ ಅಂತ ತಲೆ ತಗ್ಗಿಸಿ ಕೂತೆ.

ಅವಳು ನಡುವಿನ ದಾರಿಯಲ್ಲಿ ನಡೆದು ವೇದಿಕೆ ಹತ್ತಿದಳು. ಅಲ್ಲಿಂದ ನನ್ನನ್ನು ನೋಡಿದಳು.

“ಅಯ್ಯೋ ದಡ್ಡ ಶಿಖಾಮಣಿ! ಅವರು ಕಳೀತಾನೇ ಇರ್ಲಿಲ್ವೇನೋ?”

“ಇಲ್ವಂತೆ ಅಕ್ಕ.”

ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಆ ನೀರೆಲ್ಲ ನಗುವಿನದೇ ಅಂತ ನಾನು ಹೇಳಲಾರೆ. ಅವಳು ತಟ್ಟನೆ ನಿಲ್ಲಿಸಿ ಕಿವಿಗೊಟ್ಟಳು. ನಗು ಗೋಡೆಯ ತನಕ ಹೋಗಿತ್ತು. ತಿರುಗಿ ಬರಲಿಲ್ಲ.

ಆಗ ಹಾಡಿದಳು. ಒಂದು ಸಾಲು ಹಾಡಿ ನಿಲ್ಲಿಸಿದಳು. ಕೈ ಮುಂದೆ ಚಾಚಿ, ಏನೋ ಎಸೆಯುತ್ತಾರೆ ಅನ್ನುವವಳ ಹಾಗೆ ಕಾದಳು. ಏನೂ ಬರಲಿಲ್ಲ. ನಾನು ಕೊನೆಯ ಸಾಲಿನಲ್ಲಿದ್ದೆ, ಪ್ರತಿ ಅಕ್ಷರ ಬಿಡಿಬಿಡಿಯಾಗಿ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತ ಹಾಗಿತ್ತು. ಅವಳು ಕೈ ಇಳಿಸಿದಳು. ಎರಡನೇ ಸಾಲು ಹೇಳಿದಳು. ಆಮೇಲೆ ನಿಲ್ಲಿಸಲಿಲ್ಲ. ದನಿ ಸ್ವಲ್ಪ ದಪ್ಪಗಾಗಿದೆ, ಮೇಲಿನ ಸ್ವರದಲ್ಲಿ ಉಸಿರು ಸಾಲದು. ಒಡೆದಿಲ್ಲ ಗುಬ್ಬೀ, ಎಲ್ಲೂ ಒಡೆದಿಲ್ಲ. ಕಾವಲುಗಾರ ಪೊರಕೆ ಹಿಡಿದು ನಿಂತವನು ನಿಂತೇ ಇದ್ದ.

ಕೆಳಗಿಳಿದು ಬಂದು, “ಡಬ್ಬಿ ತೊಳೆದು ಕಳಿಸು ಅಂದಿದ್ದೆ, ಜುಲೈಯಿಂದ ಒಂದೂ ಬಂದಿಲ್ಲ” ಅಂದಳು. ಹೊರಗೆ ಹೋಗುತ್ತ ಬಾಗಿಲಲ್ಲಿ ತಿರುಗಿ, ಶುಕ್ರವಾರ ತಾಳದವರನ್ನೂ ಕರೆಸು ಅಂದಳು. ಶುಕ್ರವಾರ ನೀನು ಬಾ. ರಜೆ ಕೊಡದಿದ್ದರೆ ನೆಗಡಿ ಅಂತ ಹೇಳು.

ಸಮಿತಿಗೆ ಏನೂ ಬರೆಯಬೇಡ. ನೀನು ಕೇಳಿದ ನಿಜವಾದ ಮೊತ್ತ ಇಲ್ಲಿದೆ. ಹಿಂದೆ ಏನೂ ಸೇರಿಸಿಲ್ಲ, ಮುಂದೆಯೂ ಸೇರಿಸಿಲ್ಲ. ಆಗ ಮುಚ್ಚದೆ ಬಿಟ್ಟಿದ್ದರೆ ಕಳೆದುಕೊಳ್ಳುತ್ತಿದ್ದದ್ದೂ ಅದೇ, ಈಗ ತೆರೆದಿಟ್ಟು ಕಳೆದುಕೊಂಡದ್ದೂ ಅದೇ: ಒಂದು ಸೊನ್ನೆ, ಮಡಕೆಯ ಬಾಯಿಯ ಹಾಗೆ ದುಂಡಗೆ.

ಗಾರೆಯವನು,
ನಿನ್ನ ಮಾವ